ಟಿಕೆಟ್ ಇಲ್ಲ, ಹಾಲ್ ಇಲ್ಲ. ಆದ್ರೂ ನಮ್ಮೂರ ಗದ್ದೆಯಲ್ಲಿ ಚಂಡೆ ನಿಂತಿಲ್ಲ, ಯಾಕೆ?

ಬಸ್ಸಲ್ಲೋ ರೂಮಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ ಅಲ್ವಾ? ಇವತ್ತಿನ ಪ್ರಶ್ನೆ ಇದು: ರಾತ್ರಿ ಬಸ್ಸೇ ಇಲ್ಲದ ಊರಲ್ಲಿ ಲೈವ್ ಸಂಗೀತ ಉಳಿಯೋದು ಹೇಗೆ?

ನನ್ನ ಅಜ್ಜಿ ಮನೆ ಇರೋದು ಉಡುಪಿ ಜಿಲ್ಲೆಯಲ್ಲಿ, ಘಟ್ಟದ ಬುಡದಲ್ಲಿ. ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ತಬೇಕು. ಆದ್ರೆ ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನ ತಪ್ಪಲ್ಲ. ಭಾಗವತರು, ಮದ್ದಳೆ, ಚಂಡೆ, ಎಲ್ಲಾ ಕಣ್ಣೆದುರೇ.

ದುಡ್ಡು ಯಾರದು? ಉತ್ತರ ಒಂದೇ ಪದ: ಹರಕೆ. ಮಗುವಿಗೆ ಹುಷಾರಾದ್ರೆ, ಕೆಲಸ ಸಿಕ್ಕಿದ್ರೆ 'ಒಂದು ಆಟ ಆಡಿಸ್ತೇವೆ' ಅಂತ ದೇವರಿಗೆ ಹೇಳ್ಕೊಳ್ತಾರೆ. ಖರ್ಚು ಆ ಮನೆಯವರದ್ದು, ಪ್ರೇಕ್ಷಕರು ಇಡೀ ಊರು. ಕಟೀಲು, ಮಂದಾರ್ತಿಯಂಥ ದೇವಸ್ಥಾನಗಳಿಗೆ ಒಂದಲ್ಲ, ಹಲವು ಮೇಳಗಳಿವೆ. ಆದ್ರೂ ಹರಕೆ ಹೊತ್ತವರು ವರ್ಷಗಟ್ಟಲೆ ಕಾಯ್ತಾರೆ. ಅಂದ್ರೆ ಮೇಳ ಜನರನ್ನ ಹುಡುಕಬೇಕಿಲ್ಲ, ಜನರೇ ಮೇಳವನ್ನ ಕರೀತಾರೆ.

ಇನ್ನೊಂದು ಕಾರಣ ಸಂಗೀತದ ಒಳಗೇ ಇದೆ. ಡ್ಯಾನ್ಸ್ ಶೋಗಳು ಟ್ರ್ಯಾಕ್ ಹಾಕಿ ನಡೀತವೆ. ಇಲ್ಲಿ ಅದು ಆಗಲ್ಲ. ಪದ್ಯ ಮುಗಿದ ಮೇಲೆ ವೇಷಧಾರಿ ಆಡೋ ಮಾತು ಬಾಯಿಪಾಠ ಅಲ್ಲ, ಆ ಕ್ಷಣದ್ದು. ಅದು ಯಾವಾಗ ಮುಗಿಯುತ್ತೆ, ಯಾವಾಗ ಪದ್ಯ ಎತ್ತಬೇಕು ಅಂತ ನೋಡೋದು ಭಾಗವತರು. ಆ ಕೆಲಸ ಪೆನ್‌ಡ್ರೈವ್ ಮಾಡಲ್ಲ.

ಆದ್ರೆ ಎಲ್ಲಾ ಚೆನ್ನಾಗಿದೆ ಅಂತಲ್ಲ. ಮೇಳದ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ನಿಲ್ಲುತ್ತೆ. ಆಮೇಲೆ ಮಳೆ. ನಮ್ಮೂರ ಮದ್ದಳೆಗಾರರೊಬ್ಬರನ್ನ ಕೇಳಿದೆ, "ಜೂನಲ್ಲಿ ಏನ್ಮಾಡ್ತೀರಿ?" ಅವರು ನಕ್ಕು, "ತೋಟದ ಕೆಲಸ, ಸಂಜೆ ಚಿಕ್ಕಮೇಳ" ಅಂದ್ರು. ಚಿಕ್ಕಮೇಳ ಅಂದ್ರೆ ನಾಲ್ಕೈದು ಕಲಾವಿದರು ಮನೆಮನೆಗೆ ಹೋಗಿ, ಜಗಲಿಯಲ್ಲೇ ಸ್ವಲ್ಪ ಹೊತ್ತು ಆಡಿ, ಕೊಟ್ಟ ಕಾಣಿಕೆ ತಗೊಳ್ಳೋದು. ಉಡುಪಿಯಲ್ಲಿ 1975ರಲ್ಲಿ ಶುರುವಾದ ಯಕ್ಷಗಾನ ಕಲಾರಂಗ ಕಲಾವಿದರಿಗೆ ಮನೆ ಕಟ್ಟಿಕೊಡೋಕೆ ನೆರವಾಗ್ತಿದೆ. ಅಂಥ ನೆರವು ಬೇಕಾಗಿದೆ ಅನ್ನೋದೇ ಪರಿಸ್ಥಿತಿ ಹೇಳುತ್ತೆ.

ಇನ್ನೊಂದು ಬದಲಾವಣೆ ಸಮಯದ್ದು. ಮೊದಲು ಆಟ ಬೆಳಗಿನವರೆಗೆ. ಕತ್ತಲಲ್ಲಿ ನಡೆದು ಹೋಗೋದಕ್ಕಿಂತ ಕೂತು ನೋಡೋದೇ ಸುಲಭ ಇತ್ತು. ಈಗ ಬೈಕಿದೆ, ನಾಳೆ ಡ್ಯೂಟಿ ಇದೆ, ರಾತ್ರಿ ಹತ್ತರ ನಂತರ ಧ್ವನಿವರ್ಧಕದ ನಿಯಮವೂ ಇದೆ. ಹಾಗಾಗಿ ಕಾಲಮಿತಿ ಆಟ ಜಾಸ್ತಿ. ಅಜ್ಜಿಗೆ ಬೇಸರ. ನನಗೆ? ನಿಜ ಹೇಳ್ತೀನಿ, ಕಾಲಮಿತಿ ಬಂದ ಮೇಲೇ ನಾನು ಆಟ ಪೂರ್ತಿ ನೋಡಿದ್ದು.

ನನಗಿರೋ ಭಯ ಬೇರೆ. ಹರಕೆಯ ದುಡ್ಡು ಬೆಂಗಳೂರು, ಮುಂಬೈ, ಗಲ್ಫ್‌ನಿಂದಲೂ ಬರುತ್ತೆ. ಎದುರು ಕೂರೋಕೆ ಮಾತ್ರ ಜನ ಬರಲ್ಲ. ಕಳೆದ ಸಲ ನಮ್ಮ ಗದ್ದೆಯಲ್ಲಿ ಹಿಂದಿನ ಸಾಲುಗಳು ಖಾಲಿ ಇದ್ವು.

ಹಾಗಾಗಿ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಚಿಕ್ಕಮೇಳ ಬಂದ್ರೆ ಬಾಗಿಲು ತೆಗೀರಿ, ಆಟ ಇದ್ರೆ ಹೋಗಿ ಕೂರಿ. ವಿಡಿಯೋ ಆಮೇಲೆ ಮಾಡಿದ್ರಾಯ್ತು. ಸಿಗೋಣ.