ಬಿಚ್ಚಿದ ಸ್ಕೋಪು ಮತ್ತೆ ಅದೇ ಜಾಗಕ್ಕೆ ಬರುತ್ತಾ?

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ಕು ಜನ. ಒಬ್ಬ ಹಾನಗಲ್ಲಿನವನು, ಒಬ್ಬ ಶಿಗ್ಗಾಂವಿ, ಒಬ್ಬ ಸವಣೂರು, ಇನ್ನೊಬ್ಬ ಹಿರೇಕೆರೂರು. ಪೂರ್ತಿ ಹಾವೇರಿ ಜಿಲ್ಲೆ ಬ್ರಾಂಚ್ ಅಂತ ಎಲ್ಲರೂ ಕಾಡಿಸ್ತಾರೆ. ಈ ಸಲ ಗಣೇಶ ಹಬ್ಬದ ರಜೆಗೆ ನಾಲ್ಕೂ ಜನ ಹಿರೇಕೆರೂರಿನವನ ಹಳ್ಳಿಗೆ ಹೋಗಿದ್ವಿ. ಗೋವಿನಜೋಳ ತೆನೆ ಹಿಡಿಯೋ ಹೊತ್ತು. ಅಂದ್ರೆ ಕಾಡುಹಂದಿ ಬರೋ ಹೊತ್ತು. ರಾತ್ರಿ ಅವರ ಕಾಕಾನ ಜೊತೆ ಹೊಲದ ಅಟ್ಟಣಿಗೆ ಮೇಲೆ ಕೂತು, ಡಬ್ಬಿ ಬಡಿದು, ಪಟಾಕಿ ಹೊಡೆದು ಹಂದಿ ಓಡಿಸಿದ್ವಿ. ಕಾಕಾನ ಹತ್ತಿರ ಅಜ್ಜನ ಕಾಲದ ಲೈಸೆನ್ಸ್ ಇರೋ ಸಿಂಗಲ್ ಬ್ಯಾರಲ್ ಬಂದೂಕು ಇದೆ. ಆದರೆ ಅದು ವರ್ಷದ ಹೆಚ್ಚಿನ ದಿನ ಗೋಡೆಗೇ ಇರುತ್ತೆ, ಎಲೆಕ್ಷನ್ ಬಂದಾಗ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬರುತ್ತೆ.

ಅವತ್ತು ನಿದ್ದೆ ಬರಬಾರದು ಅಂತ ಮೊಬೈಲ್‌ನಲ್ಲಿ ಆಫ್ರಿಕಾದ ಬೇಟೆಯ ವಿಡಿಯೋ ನೋಡ್ತಿದ್ವಿ. ಅದರಲ್ಲಿ ಒಬ್ಬ, ಗಾಯಗೊಂಡ ಕಾಡೆಮ್ಮೆ ಪೊದೆಯೊಳಗೆ ಹೋದ ತಕ್ಷಣ, ರೈಫಲ್ ಮೇಲಿದ್ದ ಸ್ಕೋಪನ್ನು ಎರಡು ಲಿವರ್ ತಿರುಗಿಸಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಕಾಕಾ ನೋಡಿ ಕೇಳಿದ್ರು: "ಅಲ್ಲೋ, ಆ ದುರ್ಬೀನು ಬಿಚ್ಚಿ ಮತ್ತ ಹಚ್ಚಿದ್ರ ಗುರಿ ತಪ್ಪಂಗಿಲ್ಲೇನು? ನೀವು ಇಂಜಿನಿಯರಿಂಗ್ ಓದಾಕತ್ತೀರಿ, ಹೇಳ್ರಿ ನೋಡೋಣು."

ನಾವು ನಾಲ್ಕೂ ಜನ ಮೆಕ್ಯಾನಿಕಲ್. ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ! ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಅದಕ್ಕೇ ಈ ಲೇಖನ.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬೇಟೆ ನಿಷಿದ್ಧ. ಮನುಷ್ಯರ ಜೀವಕ್ಕೆ ಅಪಾಯ ಆದಾಗ ಏನು ಮಾಡಬೇಕು ಅಂತ 11ನೇ ಸೆಕ್ಷನ್ ಹೇಳುತ್ತೆ. ಆ ತೀರ್ಮಾನ ಅಧಿಕಾರಿಗಳದ್ದು, ನಮ್ಮ ನಿಮ್ಮದಲ್ಲ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳ ಕಾಲ ಮುಗಿದು ಹೋಗಿದೆ. ಹಾಗಾಗಿ ಇದು ಬೇಟೆ ಕಲಿಸೋ ಲೇಖನ ಅಲ್ಲ. ಒಂದು ವಸ್ತುವನ್ನು ಬಿಚ್ಚಿ, ಮತ್ತೆ ಕೂದಲೆಳೆಯಷ್ಟೂ ಸರಿಯದ ಹಾಗೆ ಅದೇ ಜಾಗಕ್ಕೆ ಕೂರಿಸೋದು ಹೇಗೆ ಅನ್ನೋ ಲೇಖನ.

ಬಿಚ್ಚೋದು ಯಾಕೆ?

ಆನೆ, ಕಾಡೆಮ್ಮೆ, ಸಿಂಹ, ಚಿರತೆ ಇಂಥ ತಿರುಗಿ ಬೀಳೋ ಪ್ರಾಣಿಗಳಿಗೆ ಅಂತ ಮಾಡಿದ ರೈಫಲ್‌ಗಳು ಬೇರೆಯೇ ಜಾತಿ. .416 ರಿಗ್ಬಿ ಬಂದಿದ್ದು 1911ರಲ್ಲಿ, .375 ಎಚ್ ಅಂಡ್ ಎಚ್ ಮ್ಯಾಗ್ನಮ್ 1912ರಲ್ಲಿ. ನೂರು ವರ್ಷ ದಾಟಿದ್ರೂ ಆಫ್ರಿಕಾದಲ್ಲಿ ಇವತ್ತಿಗೂ ಇವೇ ನಡೀತಿವೆ.

100 ಮೀಟರ್ ದೂರದಲ್ಲಿ ಪ್ರಾಣಿಯ ಯಾವ ಭಾಗಕ್ಕೆ ಹೊಡೀತಿದ್ದೀವಿ ಅಂತ ಸರಿಯಾಗಿ ಕಾಣೋಕೆ ಸ್ಕೋಪ್ ಬೇಕು. ಆದರೆ ಅದೇ ಪ್ರಾಣಿ 15 ಮೀಟರ್‌ನಿಂದ ಓಡಿ ಬಂದ್ರೆ? ನಾಲ್ಕು ಪಟ್ಟು ದೊಡ್ಡದು ಮಾಡೋ ಸ್ಕೋಪಿನಲ್ಲಿ ಬರೀ ಕಪ್ಪು ಕೂದಲು ಕಾಣುತ್ತೆ, ತಲೆ ಯಾವ ಕಡೆ ಅಂತಲೇ ತಿಳಿಯಲ್ಲ. ಮಳೆ ಬಂದ್ರೆ ಗಾಜಿನ ಮೇಲೆ ಮಂಜು ಕೂರುತ್ತೆ. ಬಿದ್ದರೆ ಒಡೆಯುತ್ತೆ. ಆಗ ಸ್ಕೋಪ್ ಬಿಚ್ಚಿ, ನಳಿಗೆ ಮೇಲಿರೋ ಕಬ್ಬಿಣದ ಗುರಿಕಟ್ಟನ್ನೇ ನೋಡಿ ಹೊಡೀಬೇಕು. ಅದಕ್ಕೇ ಬಿಚ್ಚಿ ಹಾಕೋ ಮೌಂಟ್.

ಬಿಚ್ಚೋದು ಸುಲಭ. ಬರೀ ಲಿವರ್ ತಿರುಗಿಸಿದ್ರೆ ಆಯ್ತು. ಕಷ್ಟ ಇರೋದು ವಾಪಸ್ ಹಾಕೋದರಲ್ಲಿ.

ಒಂದು ಹಾಳೆಯಷ್ಟು ತಪ್ಪು

ಒಂದು ಲೆಕ್ಕ ಮಾಡೋಣ. ಸ್ಕೋಪನ್ನು ಎರಡು ರಿಂಗ್ ಹಿಡಿದಿರುತ್ತೆ. ಅವುಗಳ ನಡುವೆ 100 ಮಿ.ಮೀ. ಅಂತರ ಅಂತ ಇಟ್ಟುಕೊಳ್ಳಿ. ವಾಪಸ್ ಹಾಕುವಾಗ ಒಂದು ರಿಂಗ್ ಕೆಳಗೆ ಧೂಳು ಸೇರಿ 0.1 ಮಿ.ಮೀ. ಮೇಲೆ ಕೂತಿತು. ನಮ್ಮ ಅಸೈನ್‌ಮೆಂಟ್ ಹಾಳೆಯ ದಪ್ಪ ಹೆಚ್ಚುಕಮ್ಮಿ ಅಷ್ಟೇ. ಕೋನ ಎಷ್ಟು ಬದಲಾಯ್ತು? 0.1/100 = 0.001 ರೇಡಿಯನ್. 100 ಮೀಟರ್ ದೂರದಲ್ಲಿ ಅದು 100 × 0.001 = 0.1 ಮೀ., ಅಂದ್ರೆ 10 ಸೆಂ.ಮೀ.! ಒಂದು ಹಾಳೆ ಸೇರಿದ್ದಕ್ಕೆ ಗುಂಡು ಒಂದು ಅಂಗೈ ಅಗಲ ಮೇಲೋ ಕೆಳಗೋ ಹೋಯ್ತು. ಹೃದಯಕ್ಕೆ ಬೀಳಬೇಕಾದ್ದು ಹೊಟ್ಟೆಗೆ ಬಿದ್ರೆ ಗಾಯಗೊಂಡ ಪ್ರಾಣಿ ಪೊದೆ ಸೇರುತ್ತೆ. ಆಮೇಲೆ ಅದನ್ನು ಹುಡುಕಿಕೊಂಡು ಹೋಗೋನ ಗತಿ ಏನು?

ಹಾಗಾದ್ರೆ ಎಷ್ಟು ತಪ್ಪು ಪರವಾಗಿಲ್ಲ? 100 ಮೀಟರ್‌ಗೆ 3 ಸೆಂ.ಮೀ. ಒಳಗೆ ಇರಬೇಕು ಅಂದ್ರೆ, ರಿಂಗ್ ಪ್ರತಿ ಸಲ 0.03 ಮಿ.ಮೀ. ಒಳಗೆ ಅದೇ ಜಾಗಕ್ಕೆ ಬರಬೇಕು. ಇದು ತಲೆಕೂದಲಿಗಿಂತ ತೆಳು. ಮೆಟ್ರಾಲಜಿ ಲ್ಯಾಬ್‌ನಲ್ಲಿ ಮೈಕ್ರೋಮೀಟರ್ ಹಿಡಿದು ಬೈಸಿಕೊಂಡವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು.

ಒಂದು ಕ್ವಿಂಟಲ್ ಒದೆತ

ಇನ್ನೊಂದು ಕಷ್ಟ ರೈಫಲ್‌ನ ಹಿಂದೊದೆತ. .375ರ ಗುಂಡಿನ ತೂಕ ಸುಮಾರು 19.4 ಗ್ರಾಂ, ವೇಗ ಸುಮಾರು 770 ಮೀ./ಸೆ. ಸಂವೇಗ 0.0194 × 770 = ಸುಮಾರು 15 ಕೆ.ಜಿ. ಮೀ./ಸೆ. ರೈಫಲ್ 4.5 ಕೆ.ಜಿ. ಇದ್ರೆ ಅದು 3.3 ಮೀ./ಸೆ. ವೇಗದಲ್ಲಿ ಹಿಂದಕ್ಕೆ ಬರುತ್ತೆ. ಗುಂಡು 60 ಸೆಂ.ಮೀ. ನಳಿಗೆ ದಾಟೋಕೆ ಸುಮಾರು 1.5 ಮಿಲಿಸೆಕೆಂಡ್ ಸಾಕು. ಅಷ್ಟರಲ್ಲೇ ಈ ವೇಗ ಬರಬೇಕು. ವೇಗೋತ್ಕರ್ಷ 3.3/0.0015 = 2200 ಮೀ./ಸೆ². 450 ಗ್ರಾಂ ಸ್ಕೋಪನ್ನು ಇದೇ ವೇಗದಲ್ಲಿ ಎಳೆದುಕೊಂಡು ಹೋಗೋಕೆ ಬೇಕಾದ ಬಲ 0.45 × 2200 = ಸುಮಾರು 1000 ನ್ಯೂಟನ್.

ಅಂದ್ರೆ ಒಂದು ಕ್ವಿಂಟಲ್ ಗೋವಿನಜೋಳದ ಚೀಲವನ್ನು ಆ ಮೌಂಟಿಗೆ ನೇತುಹಾಕಿದ ಹಾಗೆ, ಪ್ರತಿ ಗುಂಡಿಗೂ. ಇದು ಬರೀ ಸರಾಸರಿ, ಮದ್ದಿನ ಅನಿಲದ ಒತ್ತು ಕೂಡ ಸೇರಿಸಿಲ್ಲ. ಗರಿಷ್ಠ ಬಲ ಇನ್ನೂ ಜಾಸ್ತಿ ಇರುತ್ತೆ.

ಇಷ್ಟು ಬಲವನ್ನು ಬರೀ ಘರ್ಷಣೆ ತಡೆಯಬೇಕು ಅಂದ್ರೆ? ಘರ್ಷಣಾಂಕ 0.2 ಹಿಡಿದ್ರೆ 5000 ನ್ಯೂಟನ್ ಒತ್ತಿ ಹಿಡೀಬೇಕು. ಬೆರಳಲ್ಲಿ ತಿರುಗಿಸೋ ಲಿವರ್ ಮೇಲೆ ಅಷ್ಟು ಭಾರ ಹಾಕೋದು ತಪ್ಪು. ಅದಕ್ಕೇ ಒಳ್ಳೆ ಮೌಂಟ್‌ಗೆ ಕೆಳಗೆ ಒಂದು ಅಡ್ಡ ಕೀಲಿ ಇರುತ್ತೆ. ಅದು ಬೇಸ್‌ನ ಗಾಡಿಯಲ್ಲಿ ಕೂತು ಒದೆತವನ್ನು ತಾನು ತಗೊಳ್ಳುತ್ತೆ. ಲಿವರ್ ಕೆಲಸ ಬರೀ ಕೆಳಗೆ ಒತ್ತಿ ಹಿಡಿಯೋದು. ಪಿಕಾಟಿನಿ ರೈಲ್ ಮೇಲೆ ಹಲ್ಲು ಹಲ್ಲು ಕಾಣುತ್ತಲ್ಲ, ಆ ಗಾಡಿಗಳು ಇರೋದು ಇದಕ್ಕೇ. ಅವುಗಳ ಅಗಲ 5.23 ಮಿ.ಮೀ., ಒಂದರಿಂದ ಒಂದಕ್ಕೆ ಸುಮಾರು 10 ಮಿ.ಮೀ.

ಆರು ದಾರಿ ಮುಚ್ಚಬೇಕು

ಯಾವ ವಸ್ತುವಿಗಾದ್ರೂ ಚಲಿಸೋಕೆ ಆರು ದಾರಿ: ಮೂರು ಸರಿಯೋದು, ಮೂರು ತಿರುಗೋದು. ಆರನ್ನೂ ಒಂದೊಂದೇ ಸಲ ಮುಚ್ಚಿದ್ರೆ ವಸ್ತು ಪ್ರತಿ ಸಲ ಅದೇ ಜಾಗಕ್ಕೆ ಬರುತ್ತೆ. ಕಮ್ಮಿ ಮುಚ್ಚಿದ್ರೆ ಅಲ್ಲಾಡುತ್ತೆ. ಒಂದೇ ದಾರಿಯನ್ನು ಎರಡು ಕಡೆ ಮುಚ್ಚಿದ್ರೆ ಇನ್ನೂ ತೊಂದರೆ, ಒಂದು ಸಲ ಈ ಕಡೆ, ಇನ್ನೊಂದು ಸಲ ಆ ಕಡೆ ತಾಗಿ ಕೂರುತ್ತೆ. ನಾಲ್ಕು ಕಾಲಿನ ಮೇಜು ಕುಂಟುತ್ತೆ, ಮೂರು ಕಾಲಿನ ಸ್ಟೂಲ್ ಕುಂಟಲ್ಲ. ಅದೇ ಕಥೆ.

ಇದನ್ನು ನಾವೇ ಮಾಡಿ ನೋಡಿದ್ವಿ. ವರ್ಕ್‌ಶಾಪಿನಿಂದ ಒಂದು ವಿ-ಬ್ಲಾಕ್, ಒಂದು ಉಕ್ಕಿನ ಸರಳು ತಂದ್ವಿ. ಸರಳಿಗೆ ಲೇಸರ್ ಪಾಯಿಂಟರ್ ಬಿಗಿದು, ಕಾರಿಡಾರಿನಲ್ಲಿ 10 ಮೀಟರ್ ದೂರದ ಗೋಡೆಗೆ ಗ್ರಾಫ್ ಹಾಳೆ ಅಂಟಿಸಿದ್ವಿ. ಸರಳು ತೆಗೆದು ಇಡೋದು, ಕ್ಲಾಂಪ್ ಹಾಕೋದು, ಚುಕ್ಕಿ ಬಿದ್ದ ಜಾಗಕ್ಕೆ ಪೆನ್ಸಿಲ್ ಗುರುತು. ಹೀಗೆ ಹತ್ತು ಸಲ. ಮೊದಲನೇ ಸುತ್ತು ಹೆಂಗೋ ಹಂಗೆ ಇಟ್ವಿ. ಚುಕ್ಕಿಗಳು ಹಾಳೆ ತುಂಬ ಚೆಲ್ಲಾಡಿದವು. ವಿ-ಬ್ಲಾಕ್ ಸರಳಿನ ನಾಲ್ಕು ದಾರಿ ಮಾತ್ರ ಮುಚ್ಚುತ್ತೆ. ಉದ್ದಕ್ಕೆ ಜಾರೋದು, ಸುತ್ತ ಉರುಳೋದು ಎರಡೂ ತೆರೆದೇ ಇದ್ದವು. ಎರಡನೇ ಸುತ್ತಿನಲ್ಲಿ ಮುಂದೆ ಒಂದು ತಡೆ ಇಟ್ವಿ, ಉರುಳದ ಹಾಗೆ ಪಕ್ಕಕ್ಕೆ ಒಂದು ಪಿನ್ ಹಾಕಿದ್ವಿ. ಬಟ್ಟೆಯಲ್ಲಿ ಒರೆಸಿ, ಪ್ರತಿ ಸಲ ಮುಂದಕ್ಕೆ ಒತ್ತಿ, ಆಮೇಲೆ ಕ್ಲಾಂಪ್ ಬಿಗಿದ್ವಿ. ಈ ಸಲ ಹತ್ತೂ ಗುರುತು ಒಂದರ ಮೇಲೊಂದು ಬಿದ್ದು ಒಂದೇ ಕಪ್ಪು ಚುಕ್ಕಿ ಆಯ್ತು. ಸವಣೂರಿನವನು ಖುಷಿಗೆ ಕೂಗಿದ್ದಕ್ಕೆ ಪಕ್ಕದ ಲ್ಯಾಬಿನ ಸರ್ ಬಂದು ಬೈದ್ರು.

ಮುಂದಕ್ಕೇ ಯಾಕೆ ಒತ್ತಬೇಕು? ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಬರುತ್ತೆ, ಜಡತ್ವದಿಂದ ಸ್ಕೋಪ್ ಇದ್ದಲ್ಲೇ ಇರೋಕೆ ನೋಡುತ್ತೆ. ರೈಫಲ್‌ಗೆ ಹೋಲಿಸಿದ್ರೆ ಸ್ಕೋಪ್ ಮುಂದಕ್ಕೆ ಸರಿದ ಹಾಗೆ. ಮೊದಲೇ ಮುಂದಿನ ಗೋಡೆಗೆ ತಾಗಿಸಿ ಬಿಗಿದಿದ್ರೆ ಇನ್ನು ಸರಿಯೋಕೆ ಜಾಗವೇ ಇರಲ್ಲ.

ಹಾಗಾದ್ರೆ ಆರಿಸೋದು ಹೇಗೆ?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ತರ. ಜರ್ಮನಿಯ ಹಳೇ ಉಗುರು ಮೌಂಟ್: ಕೊಕ್ಕೆಗಳು ಬೇಸ್‌ನೊಳಗೆ ಹೋಗಿ ಕಚ್ಚಿಕೊಳ್ಳುತ್ತವೆ, ಕೈಯಲ್ಲಿ ಅರ ಹಾಕಿ ಕೂರಿಸಬೇಕು, ಬಹಳ ದುಬಾರಿ. ಎರಡನೇದು ತಿರುಗಣೆ ಮೌಂಟ್: ಮುಂದಿನ ಕಾಲನ್ನು ಸಿಕ್ಕಿಸಿ ಸ್ಕೋಪನ್ನು ಪಕ್ಕದಿಂದ ತಿರುಗಿಸಿದ್ರೆ ಹಿಂದಿನ ಕಾಲು ಲಾಕ್ ಆಗುತ್ತೆ. ಮೂರನೇದು ಲಿವರ್ ರಿಂಗ್: ಟ್ಯಾಲಿ, ವಾರ್ನ್, ಲ್ಯೂಪೋಲ್ಡ್ ಮುಂತಾದವರು ಮಾಡ್ತಾರೆ. ಹೆಸರು ಯಾವುದಾದ್ರೂ ಇರಲಿ, ಕೇಳಬೇಕಾದ ಪ್ರಶ್ನೆ ಇವು:

1. ಒದೆತವನ್ನು ತಗೊಳ್ಳೋಕೆ ಅಡ್ಡ ಕೀಲಿ ಅಥವಾ ಗಟ್ಟಿ ತಡೆ ಇದೆಯಾ, ಅಥವಾ ಬರೀ ಬಿಗಿತದ ಮೇಲೆ ನಿಂತಿದೆಯಾ?

2. ಬೇಸ್ ರೈಫಲ್‌ನ ಮೈಯಲ್ಲೇ ಕಡೆದದ್ದಾ, ಸ್ಕ್ರೂ ಹಾಕಿದ್ದಾ? ಸ್ಕ್ರೂ ಆದ್ರೆ ದಪ್ಪ ಸ್ಕ್ರೂ ಇರಲಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಲಿ. ಮೇಲೆ ಎಂಥ ಲಿವರ್ ಇದ್ರೂ ಬೇಸ್ ಸಡಿಲಾದ್ರೆ ಎಲ್ಲ ವ್ಯರ್ಥ.

3. ಸ್ಕೋಪ್ ತೆಗೆದ ಮೇಲೆ ಕಬ್ಬಿಣದ ಗುರಿಕಟ್ಟು ಕಾಣುತ್ತಾ? ಬೇಸ್ ಎತ್ತರ ಇದ್ದು ಅದಕ್ಕೇ ಅಡ್ಡ ಬಂದ್ರೆ ಬಿಚ್ಚಿ ಏನು ಪ್ರಯೋಜನ?

4. ಸ್ಕೋಪ್ ಆದಷ್ಟು ಕೆಳಗೆ ಕೂರುತ್ತಾ? ಎರಡಕ್ಕೂ ಕೆನ್ನೆ ಇಡೋ ಜಾಗ ಒಂದೇ ಇದ್ರೆ ಗಾಬರಿಯಲ್ಲೂ ಕಣ್ಣು ತಾನಾಗೇ ಸರಿಯಾದ ಜಾಗಕ್ಕೆ ಬರುತ್ತೆ.

5. ಕಣ್ಣಿಗೂ ಸ್ಕೋಪಿಗೂ 9 ಸೆಂ.ಮೀ. ಆದ್ರೂ ಅಂತರ ಸಿಗುತ್ತಾ? ಇಲ್ಲದಿದ್ರೆ ಒದೆತಕ್ಕೆ ಸ್ಕೋಪಿನ ಅಂಚು ಹುಬ್ಬು ಸೀಳುತ್ತೆ.

6. ಲಿವರ್ ಬಳ್ಳಿಗೆ, ಬಟ್ಟೆಗೆ ಸಿಕ್ಕಿಕೊಂಡು ತಾನಾಗೇ ಬಿಚ್ಚಿಕೊಳ್ಳುತ್ತಾ? ಸ್ಪ್ಯಾನರ್ ಇಲ್ಲದೆ, ಕಣ್ಣು ಮುಚ್ಚಿಕೊಂಡು ಬಿಚ್ಚೋಕೆ ಆಗುತ್ತಾ?

ಕೊನೆಗೆ ಪರೀಕ್ಷೆ. ಹೊಡೆದು, ಬಿಚ್ಚಿ, ಹಾಕಿ, ಮತ್ತೆ ಹೊಡೆದು ಒಂದೇ ಗುರಿಹಾಳೆ ಮೇಲೆ ನೋಡಬೇಕು. ಡಬ್ಬಿ ಮೇಲೆ ಏನು ಬರೆದಿದ್ರೂ ಗುರಿಹಾಳೆ ಹೇಳಿದ್ದೇ ನಿಜ.

ನಮ್ಮ ತಾಲ್ಲೂಕಿಗೆ ಇದರಿಂದೇನು?

ಹಾನಗಲ್ ಮತ್ತು ಶಿಗ್ಗಾಂವಿಯ ಪಶ್ಚಿಮಕ್ಕೆ ಮುಂಡಗೋಡದ ಕಾಡು. ಆ ಕಡೆಯಿಂದ ಆನೆ ಬಂತು ಅನ್ನೋ ಸುದ್ದಿ ನಮ್ಮ ಊರುಗಳಿಗೆ ಹೊಸದಲ್ಲ, ಚಿರತೆ ಮಾತೂ ಹಾಗೇ. ಆಗ ಬರೋದು ಬೇಟೆಗಾರ ಅಲ್ಲ, ಅರಣ್ಯ ಇಲಾಖೆಯವರು, ಜೊತೆಗೆ ಅರಿವಳಿಕೆ ಚುಚ್ಚುಮದ್ದಿನ ಬಂದೂಕು. ಅದರ ಗುರಿಕಟ್ಟಿಗೂ ಇದೇ ನಿಯಮ. ಜೀಪಿನಲ್ಲಿ ಕುಲುಕಿ ಬಂದದ್ದನ್ನು ಪರೀಕ್ಷೆ ಮಾಡದೆ ನಂಬಬಾರದು. ಮದ್ದು ದೊಡ್ಡ ಸ್ನಾಯುವಿಗೆ ಬೀಳಬೇಕು. ಮೂಳೆಗೋ ಹೊಟ್ಟೆಗೋ ಬಿದ್ರೆ ಪ್ರಾಣಿಗೂ ಅಪಾಯ, ಜನಕ್ಕೂ ಅಪಾಯ.

ಆದರೆ ಇಲ್ಲಿ ಲೆಕ್ಕ ಬೇರೆ ತರ ಬರುತ್ತೆ. ಡಾರ್ಟ್ ನಿಧಾನ. 60 ಮೀ./ಸೆ. ಅಂತ ಹಿಡಿದ್ರೆ 30 ಮೀಟರ್‌ಗೆ ಅರ್ಧ ಸೆಕೆಂಡ್. ಅಷ್ಟರಲ್ಲಿ ಅದು ½ × 9.8 × 0.25 = 1.2 ಮೀಟರ್ ಕೆಳಗೆ ಬೀಳುತ್ತೆ. 25 ಮೀಟರ್‌ಗೆ ಆದ್ರೆ 0.85 ಮೀಟರ್. ಅಂದ್ರೆ ದೂರವನ್ನು 5 ಮೀಟರ್ ತಪ್ಪು ಅಂದಾಜು ಮಾಡಿದ್ರೆ 35 ಸೆಂ.ಮೀ. ತಪ್ಪು. ಮೌಂಟ್ ಕೆಳಗೆ ಹಾಳೆಯಷ್ಟು ಧೂಳು ಸೇರಿದ್ರೆ ಆ ದೂರಕ್ಕೆ ಬರೀ 3 ಸೆಂ.ಮೀ. ಮೌಂಟ್‌ಗಿಂತ ಹತ್ತು ಪಟ್ಟು ಮುಖ್ಯ, ದೂರ ಅಳೆಯೋ ಕಣ್ಣು.

ಎಲ್ಲ ಸರಿಯಾಗಿ ಬಿದ್ರೂ ಮದ್ದು ಏರೋಕೆ ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಪ್ರಾಣಿ ಎಚ್ಚರವಾಗೇ ಇರುತ್ತೆ. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಅನ್ನೋ ಕಾಡಾನೆಗೆ ಚಿಕಿತ್ಸೆ ಕೊಡಿಸೋಕೆ ಅರಿವಳಿಕೆ ಹೊಡೆಯೋ ಕೆಲಸದಲ್ಲಿದ್ದ 'ಆನೆ ವೆಂಕಟೇಶ್' ಅದೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಎಷ್ಟೋ ಆನೆಗಳನ್ನು ಕಂಡಿದ್ದ ಕೈ ಅದು. ಆ ಸುದ್ದಿ ನೆನಪಾದಾಗ ನಮ್ಮ ಗ್ರಾಫ್ ಹಾಳೆಯ ಕಪ್ಪು ಚುಕ್ಕಿ ಬಹಳ ಸಣ್ಣದಾಗಿ ಕಂಡಿತು. ಉಪಕರಣ ಒಂದು ತಪ್ಪನ್ನು ಕಮ್ಮಿ ಮಾಡುತ್ತೆ, ಎದುರಿಗಿರೋ ಅಪಾಯವನ್ನಲ್ಲ.

ಮೊನ್ನೆ ಕಾಕಾನಿಗೆ ಫೋನ್ ಮಾಡಿ ಹೇಳಿದ್ವಿ: "ಕಾಕಾ, ಗುರಿ ತಪ್ಪಂಗಿಲ್ರಿ, ಆದ್ರ ಒರೆಸಿ, ಮುಂದಕ್ಕೊತ್ತಿ, ಪ್ರತಿ ಸಲ ಒಂದೇ ಥರ ಬಿಗಿದ್ರ ಅಷ್ಟ." ಕಾಕಾ ನಕ್ಕು, "ನೇಗಿಲಕ್ಕ ಗುಳ ಹಾಕೂದೂ ಹಂಗ ಅಲ್ಲೇನೋ, ಇಷ್ಟಕ್ಕ ಒಂದ್ ತಿಂಗಳು ಬೇಕಾತಾ?" ಅಂದ್ರು. ಆಮೇಲೆ ಕೇಳಿದ್ರು, "ಅದಿರ್ಲಿ, ಹಂದಿ ಬರದಂಗ ಏನರ ಮಾಡ್ರಿ."

ಅದು ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್. ಗುಂಡು ಇಲ್ಲದ್ದು. ಐಡಿಯಾ ಇದ್ದವರು ನಮ್ಮ ರೂಮಿಗೆ ಬನ್ನಿ, ಚಹಾ ನಮ್ಮದು.