ಕೊನೇ ಬಸ್ಸಿನವರಿಗೂ ಕ್ಲಬ್ಬಿದೆ

ಆತಗೂರಿಂದ ಮದ್ದೂರು, ಅಲ್ಲಿಂದ ಮಂಡ್ಯ. ದಿನಾ ಓಡಾಡೋ ನಮ್ಮಂಥವರಿಗೆ ಸಂಜೆ ಕ್ಲಬ್ ಮೀಟಿಂಗ್ ಅಂದ್ರೆ ಬಸ್ ತಪ್ಪಿದ ಹಾಗೇ. ಮೊದಲ ಸೆಮಿಸ್ಟರ್ ನಾನು ಯಾವುದಕ್ಕೂ ಸೇರಲಿಲ್ಲ. ಪರಿಚಯ ಆಗಿದ್ದು ಪಕ್ಕದ ಬೆಂಚಿನ ಇಬ್ಬರದು ಮಾತ್ರ.

ದಾರಿ ಸಿಕ್ಕಿದ್ದು ಊಟದ ಬಿಡುವಿನಲ್ಲಿ. ವಿಟಿಯು 2022ರ ಸ್ಕೀಮಿನಲ್ಲಿ ಮೊದಲ ವರ್ಷ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’. ಆ ಎರಡನೇ ಪುಸ್ತಕ ಹಿಡಿದು ಒದ್ದಾಡ್ತಿದ್ದ ಬಿಹಾರದ ಹುಡುಗನಿಗೆ ‘ಎಷ್ಟು’, ‘ಎಲ್ಲಿ’ ಹೇಳಿಕೊಟ್ಟೆ. ಅವನು ನನಗೆ ಸಿ ಪ್ರೋಗ್ರಾಮಿನ ಲೂಪ್ ಬಿಡಿಸಿ ಹೇಳಿದ. ವಾರದಲ್ಲಿ ಆರು ಜನ ಆದೆವು, ಕನ್ನಡ ಸಂಘದವರೂ ಬಂದು ಕೂತರು.

ಹೊಸಬರೇ, ಹತ್ತು ಕ್ಲಬ್ಬಿಗೆ ಹೆಸರು ಕೊಡಬೇಡಿ. ಬಸ್ ಟೈಮಿಗೆ ಹೊಂದೋದು ಒಂದು ಸಾಕು. ಡಿಗ್ರಿಗೆ ಬೇಕಾದ 100 ಆ್ಯಕ್ಟಿವಿಟಿ ಪಾಯಿಂಟ್ (ಲ್ಯಾಟರಲ್‌ನವರಿಗೆ 75) ಒಂದೇ ವರ್ಷಕ್ಕೆ ಮುಗಿಸಬೇಕಿಲ್ಲ. ಸಂಜೆ ಕಾರ್ಯಕ್ರಮ ಇದ್ರೆ ಮೊದಲೇ ಹೇಳಿಬಿಡಿ: ‘ಅಣ್ಣ, ನಂಗೆ ಕೊನೇ ಬಸ್ಸಿದೆ.’ ಸೀನಿಯರ್‌ಗಳೇ, ನೀವೂ ಮೀಟಿಂಗನ್ನ ಮಧ್ಯಾಹ್ನಕ್ಕೇ ಇಡಿ.