ಕಿರ್ದಿ ಕಳೆದರೆ ಖತಾವಣಿ ಎಲ್ಲಿಂದ?

ಕೆಲವು ವರ್ಷಗಳ ಹಿಂದೆ ಬಳ್ಳಾರಿಯ ಒಂದು ಸಹಕಾರ ಸಂಘದ ಗಣಕ ವ್ಯವಸ್ಥೆಯನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಪ್ರಧಾನ ಕಚೇರಿ ನಗರದಲ್ಲಿ. ಶಾಖೆಗಳು ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ. ರೈತರ ಸಾಲ, ಠೇವಣಿಗಳ ಲೆಕ್ಕವೆಲ್ಲ ನಗರದ ಒಂದೇ ಸರ್ವರ್‌ನಲ್ಲಿತ್ತು. ‘ಬ್ಯಾಕಪ್ ಇದೆಯೇ?’ ಎಂದು ಕೇಳಿದಾಗ ಕಾರ್ಯದರ್ಶಿಗಳು ಹೆಮ್ಮೆಯಿಂದಲೇ ಪಕ್ಕದ ಮೇಜಿನ ಮೇಲಿದ್ದ ಇನ್ನೊಂದು ಯಂತ್ರವನ್ನು ತೋರಿಸಿದರು. ಎರಡಕ್ಕೂ ವಿದ್ಯುತ್ತು ಒಂದೇ ಯುಪಿಎಸ್‌ನಿಂದ, ತಂಪು ಒಂದೇ ಎ.ಸಿ.ಯಿಂದ. ಬಳ್ಳಾರಿಗೆ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ ಎನ್ನುವ ಊರಿನ ಹಾಸ್ಯ ಆ ಕೋಣೆಯಲ್ಲಿ ಹಾಸ್ಯವಾಗಿ ಉಳಿದಿರಲಿಲ್ಲ.

ಹಳೆಯ ಕಾಲದ ಗುಮಾಸ್ತರಿಗೆ ಈ ವಿಷಯದ ಮರ್ಮ ನಮಗಿಂತ ಬೇಗ ತಿಳಿದೀತು. ದಿನದ ವ್ಯವಹಾರವನ್ನು ಅವರು ನಡೆದಂತೆಯೇ ಮೊದಲು ಕಿರ್ದಿಯಲ್ಲಿ ಬರೆಯುತ್ತಿದ್ದರು. ಅಲ್ಲಿಂದ ಖತಾವಣಿಗೆ ಏರಿಸುತ್ತಿದ್ದರು. ಡೇಟಾಬೇಸ್ ಮಾಡುವುದೂ ಅದನ್ನೇ. ಪ್ರತಿ ಬದಲಾವಣೆಯೂ ಮೊದಲು ‘ಲಾಗ್’ ಎಂಬ ಕಿರ್ದಿಗೆ ಬೀಳುತ್ತದೆ, ಆಮೇಲೆ ಮೂಲ ಕೋಷ್ಟಕಕ್ಕೆ. ಆ ಕಿರ್ದಿಯ ಹಾಳೆಗಳನ್ನು ದೂರದ ಇನ್ನೊಂದು ಸರ್ವರ್ ಓದುತ್ತ ತನ್ನ ಖತಾವಣಿಯನ್ನೂ ಹಾಗೆಯೇ ಬರೆದುಕೊಂಡರೆ ಅದು ಸ್ಟ್ಯಾಂಡ್‌ಬೈ. ಒಂದು ರಾತ್ರಿಯ ಪೂರ್ಣ ಪ್ರತಿಯನ್ನೂ ಅನಂತರದ ಕಿರ್ದಿಯ ಹಾಳೆಗಳನ್ನೂ ಬೇರೆಡೆ ಜೋಪಾನ ಮಾಡಿದರೆ ಅದು ಬ್ಯಾಕಪ್. ಇವೆರಡೂ ಒಂದೇ ಎಂಬ ತಪ್ಪು ತಿಳಿವಳಿಕೆಯಿಂದಲೇ ಬಹುತೇಕ ಅನಾಹುತಗಳು ಹುಟ್ಟುತ್ತವೆ.

ನಾವು ಮಾಡಿದ ಏರ್ಪಾಡು ಸರಳವಾಗಿತ್ತು. ನಗರದಲ್ಲಿಯೇ ಬೇರೊಂದು ಕಟ್ಟಡದಲ್ಲಿ ಎಲ್ಲ ಯಂತ್ರಗಳೂ ಹಂಚಿಕೊಳ್ಳಬಲ್ಲ ನೆಟ್‌ವರ್ಕ್ ಸ್ಟೋರೇಜ್ ಇಟ್ಟೆವು. ಮುಖ್ಯ ಸರ್ವರ್ ಲಾಗ್ ಹಾಳೆಗಳನ್ನು ಅಲ್ಲಿಗೆ ಹಾಕುತ್ತದೆ. ಸಿರುಗುಪ್ಪದ ಸ್ಟ್ಯಾಂಡ್‌ಬೈ ಅವುಗಳನ್ನು ಅಲ್ಲಿಂದ ಎತ್ತಿಕೊಳ್ಳುತ್ತದೆ. ರಾತ್ರಿಯ ಪೂರ್ಣ ಪ್ರತಿ ಮತ್ತು ಅಂದಿನ ಹಾಳೆಗಳು ಕುರುಗೋಡಿಗೆ ಹೋಗುತ್ತವೆ. ಸಿರುಗುಪ್ಪದ ಯಂತ್ರವನ್ನು ಮಹಡಿಯ ಮೇಲೆಯೇ ಇರಿಸಬೇಕೆಂದು ಹಟ ಹಿಡಿದೆ. 2009ರ ಅಕ್ಟೋಬರ್‌ನಲ್ಲಿ ಮಂತ್ರಾಲಯವನ್ನು ಮುಳುಗಿಸಿದ ತುಂಗಭದ್ರೆಯನ್ನು ಈ ಭಾಗದವರು ಮರೆಯುವಂತಿಲ್ಲ.

ಆದರೂ ಎಡವಿದೆವು. ಒಂದು ರಾತ್ರಿ ವಿದ್ಯುತ್ತು ಹೋಗಿ ಬಂದಾಗ ಮುಖ್ಯ ಸರ್ವರ್‌ಗೆ ನೆಟ್‌ವರ್ಕ್ ಸ್ಟೋರೇಜಿನ ಸಂಪರ್ಕ ಮರಳಿ ಕೂಡಿಕೊಳ್ಳಲಿಲ್ಲ. ಅದೇ ಹೆಸರಿನ ಖಾಲಿ ಫೋಲ್ಡರ್ ಅದರ ಸ್ವಂತ ಡಿಸ್ಕಿನಲ್ಲಿತ್ತು. ಹಾಳೆಗಳನ್ನೆಲ್ಲ ಅಲ್ಲಿಗೇ ತುಂಬುತ್ತ ‘ಕೆಲಸ ಯಶಸ್ವಿ’ ಎಂದು ವರದಿ ಮಾಡುತ್ತಲೇ ಹೋಯಿತು. ಸಿರುಗುಪ್ಪದ ಸ್ಟ್ಯಾಂಡ್‌ಬೈ ಮುಂದಿನ ಹಾಳೆಗಾಗಿ ತಕರಾರಿಲ್ಲದೆ ಕಾಯುತ್ತ ಕುಳಿತಿತ್ತು. ಒಂಬತ್ತು ದಿನ! ಡಿಸ್ಕ್ ತುಂಬಿ ಕೆಲಸ ನಿಂತಾಗಲೇ ನಮಗೆ ತಿಳಿದದ್ದು. ತಪ್ಪು ಯಂತ್ರದ್ದಲ್ಲ, ನನ್ನದು. ಅಂದಿನಿಂದ ಸ್ಟೋರೇಜಿನಲ್ಲಿ ಒಂದು ಗುರುತಿನ ಕಡತ ಇಟ್ಟಿದ್ದೇವೆ; ಅದು ಕಾಣದಿದ್ದರೆ ಸರ್ವರ್ ಬರೆಯುವುದೇ ಇಲ್ಲ, ಕೂಗಿಕೊಳ್ಳುತ್ತದೆ. ಸ್ಟ್ಯಾಂಡ್‌ಬೈ ಹದಿನೈದು ನಿಮಿಷ ಹಿಂದೆ ಬಿದ್ದರೂ ಅಷ್ಟೇ.

ಇನ್ನೊಂದು ಪ್ರಸಂಗ ಮನುಷ್ಯನ ಕೈಯಿಂದಾದದ್ದು. ಒಂದು ಖಾತೆಯ ಬಡ್ಡಿದರ ತಿದ್ದಲು ಹೋಗಿ ಗುಮಾಸ್ತರೊಬ್ಬರು ಇಡೀ ಯೋಜನೆಯ ಖಾತೆಗಳನ್ನೇ ತಿದ್ದಿಬಿಟ್ಟರು. ಅವರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಸಿರುಗುಪ್ಪದ ಪ್ರತಿಯಲ್ಲೂ ಅದೇ ತಪ್ಪು ನಿಷ್ಠೆಯಿಂದ ಮೂಡಿತ್ತು. ಸ್ಟ್ಯಾಂಡ್‌ಬೈ ಬೆಂಕಿಯಿಂದ ಕಾಪಾಡೀತು, ತಪ್ಪಿನಿಂದ ಕಾಪಾಡದು. ಕುರುಗೋಡಿನ ಪ್ರತಿಯ ಮೇಲೆ ಕಿರ್ದಿಯ ಹಾಳೆಗಳನ್ನು ಒಂದೊಂದಾಗಿ ಏರಿಸುತ್ತ, ತಪ್ಪು ನಡೆದ ಗಳಿಗೆಗೆ ಒಂದು ನಿಮಿಷ ಮೊದಲು ನಿಲ್ಲಿಸಿ ಲೆಕ್ಕವನ್ನು ಮರಳಿ ಪಡೆದೆವು.

ದೊಡ್ಡವರೂ ಇಲ್ಲಿಯೇ ಎಡವಿದ್ದಾರೆ. ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಎಂಜಿನಿಯರರೊಬ್ಬರು ಸ್ಟ್ಯಾಂಡ್‌ಬೈ ಎಂದು ತಿಳಿದು ಮುಖ್ಯ ಸರ್ವರ್‌ನ ದತ್ತಾಂಶವನ್ನೇ ಅಳಿಸಿದರು. ನಿತ್ಯದ ಬ್ಯಾಕಪ್ ಬಹಳ ದಿನಗಳಿಂದ ವಿಫಲವಾಗುತ್ತಿದ್ದದ್ದು ಆಗ ಬೆಳಕಿಗೆ ಬಂತು. ಯಾರೋ ಬೇರೆ ಉದ್ದೇಶಕ್ಕೆ ಆರು ಗಂಟೆ ಮೊದಲು ತೆಗೆದಿಟ್ಟ ಪ್ರತಿಯೊಂದು ಅವರನ್ನು ಉಳಿಸಿತು. ಅದನ್ನು ಅದೃಷ್ಟ ಎನ್ನಬೇಕೇ ಹೊರತು ವ್ಯವಸ್ಥೆ ಎನ್ನಲಾಗದು.

ಸಂಘದ ಲೆಕ್ಕ ಒಂದು ಊರಿನದು. ಪಹಣಿಯ ಲೆಕ್ಕ ಇಡೀ ನಾಡಿನದು. ‘ಭೂಮಿ’ ಯೋಜನೆ 2000ದ ಆಚೀಚೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು; ಬೆನ್ನಲ್ಲೇ ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಆಗ ಪ್ರತಿ ತಾಲ್ಲೂಕಿಗೂ ತನ್ನದೇ ಸರ್ವರ್ ಇತ್ತು. ಅನಂತರ ದತ್ತಾಂಶ ಒಂದೆಡೆ ಕೇಂದ್ರೀಕೃತವಾಯಿತು. ಕುರುಗೋಡು 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕು. ಅಲ್ಲಿನ ರೈತ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಅವನ ಹೊಲಕ್ಕಿರುವ ಸಾಕ್ಷಿ ಆ ಡೇಟಾಬೇಸಿನ ಒಂದು ಸಾಲು. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳೂ ಸ್ಕ್ಯಾನ್ ಆಗುತ್ತಿವೆ. ಒಳ್ಳೆಯ ಕೆಲಸ. ಆದರೆ ಚಿತ್ರಗಳ ಗಾತ್ರ ಡೇಟಾಬೇಸಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ದೊಡ್ಡದಾದುದಕ್ಕೆ ಎರಡನೆಯ ಪ್ರತಿ ದುಬಾರಿ ಎನ್ನುವ ವಾದ ಎಲ್ಲ ಕಡೆಯೂ ಹುಟ್ಟುತ್ತದೆ.

ಆ ವಾದದ ಬೆಲೆಯನ್ನು ದಕ್ಷಿಣ ಕೊರಿಯಾ ತೆತ್ತಿದೆ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಹತ್ತಿದ ಬೆಂಕಿಯಿಂದ ನೂರಾರು ಸರ್ಕಾರಿ ಸೇವೆಗಳು ಸ್ತಬ್ಧವಾದವು. ನೌಕರರ ಕಡತಗಳಿದ್ದ ‘ಜಿ-ಡ್ರೈವ್’ ಎಂಬ ಹಂಚಿಕೆಯ ಸ್ಟೋರೇಜ್ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್. ಗಾತ್ರ ದೊಡ್ಡದೆಂದು ಹೊರಗೆ ಅದರ ಪ್ರತಿಯನ್ನೇ ಇಟ್ಟಿರಲಿಲ್ಲ.

ನಮ್ಮ ತಹಶೀಲ್ದಾರ್ ಕಚೇರಿಗಳಲ್ಲಿ ಯಾವ ಸೇವೆಗೆ ಎಷ್ಟು ಶುಲ್ಕ, ಎಷ್ಟು ದಿನ ಎಂಬ ಫಲಕವಿರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಬೇಕು: ಬ್ಯಾಕಪ್ ಪ್ರತಿಯಿಂದ ದಾಖಲೆಗಳನ್ನು ಮರಳಿ ಕಟ್ಟಿ ನೋಡಿದ ಕೊನೆಯ ದಿನಾಂಕ. ಬ್ಯಾಕಪ್ ತೆಗೆದ ದಿನಾಂಕ ಬೇಡ. ಅದನ್ನು ಎಲ್ಲರೂ ಹೇಳುತ್ತಾರೆ.

ಕುರುಗೋಡಿನ ಶಾಖೆಯಲ್ಲಿ ತಿಂಗಳಿಗೊಂದು ಶನಿವಾರ ಹಳೆಯ ಯಂತ್ರವೊಂದರ ಮೇಲೆ ಹಿಂದಿನ ರಾತ್ರಿಯ ಪ್ರತಿಯನ್ನು ಕಟ್ಟುತ್ತಾರೆ. ಆಮೇಲೆ ಕೌಂಟರಿನಲ್ಲಿ ನಿಂತ ಯಾರಾದರೂ ಸದಸ್ಯರ ಪಾಸ್‌ಬುಕ್ ಕೇಳಿ ಪಡೆದು ಬಾಕಿಯನ್ನು ತಾಳೆ ನೋಡುತ್ತಾರೆ. ಮೊದಲ ಸಲ ಏಳು ಗಂಟೆ ಹಿಡಿದಿತ್ತು, ಲೆಕ್ಕವೂ ತಾಳೆಯಾಗಿರಲಿಲ್ಲ. ಈಗ ಎರಡು ಗಂಟೆಯೊಳಗೆ ಮುಗಿಯುತ್ತದೆ. ಫಲಿತಾಂಶವನ್ನು ಶಾಖೆಯ ವ್ಯವಸ್ಥಾಪಕರು ಒಂದು ರಟ್ಟಿನ ನೋಟ್‌ಪುಸ್ತಕದಲ್ಲಿ ಶಾಯಿಯಲ್ಲಿ ಬರೆದು ಸಹಿ ಮಾಡುತ್ತಾರೆ.